ಯಾರನ್ನೂ ಹೊಗಳದ ಬಸವೇಶ್ವರಿ ಟೀಚರು

ತೆಲಂಗಾಣದ ಗಡಿ ಊರು ನಾರಾಯಣಪೇಟೆಯ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವ ಬಸವೇಶ್ವರಿ ಟೀಚರಿಗೆ ಐವತ್ತು ದಾಟಿದೆ. ರಾಯಚೂರು ಕಡೆಯಿಂದ ಮದುವೆಯಾಗಿ ಬಂದವರು. ಹುಡುಗಿಯಾಗಿದ್ದಾಗ ಕಾಲೇಜಿನ ಖೊಖೊ ತಂಡದಲ್ಲಿದ್ದರು. ಮಕ್ಕಳನ್ನು ಬೈಯುವುದು ಕಡಿಮೆ. ಅವರ ತಿರಸ್ಕಾರವೆಲ್ಲ ದೊಡ್ಡವರಿಗೇ ಮೀಸಲು, ಅದರಲ್ಲೂ ಕೂತೇ ಇರುವ ದೊಡ್ಡವರಿಗೆ.

ಕಳೆದ ವರ್ಷ ಮೇಲಿನಿಂದ ಆದೇಶ ಬಂತು. ಮಕ್ಕಳು ಮೈ ದಣಿಯುವಂತೆ ಆಡಬೇಕು, ಮನೆಯವರನ್ನೂ ಅವರ ಜೊತೆ ಆಡಲು ಪ್ರೋತ್ಸಾಹಿಸಬೇಕು. ಅದಕ್ಕೊಂದು ತರಬೇತಿಯೂ ಆಯಿತು. ಟೀಚರು ಮಹಬೂಬನಗರಕ್ಕೆ ಹೋಗಿ, ಇಡೀ ದಿನ ಪ್ಲಾಸ್ಟಿಕ್ ಖುರ್ಚಿಯಲ್ಲಿ ಕೂತು, ಕೂತೇ ಇರುವುದು ಎಷ್ಟು ಕೆಟ್ಟದ್ದೆಂದು ಕೇಳಿಕೊಂಡು ಬಂದರು. ನಡುವೆ ಸಮೋಸ ಬಂತಂತೆ, ಅದೂ ಕೂತಲ್ಲಿಗೇ.

ಹೆಡ್‌ಮಾಸ್ಟರ್ ನರಸಿಂಹುಲು ಮೃದು ಮನುಷ್ಯ. ಬ್ಯಾನರ್ ಬರೆಸಿ, ಬಲೂನು ಕಟ್ಟಿಸಿ, ತಾಯ್ತಂದೆಯರನ್ನು ಕರೆಸಿದರು. ಆರೋಗ್ಯವೇ ಭಾಗ್ಯ ಎಂದರು, ನೀವೆಲ್ಲ ಬಂದದ್ದೇ ನಮ್ಮ ಪುಣ್ಯ ಎಂದರು. ಬಂದವರು ಚಹಾ ಕುಡಿದು ಚಪ್ಪಾಳೆ ತಟ್ಟಿದರು. ಆಮೇಲೆ ಬಸವೇಶ್ವರಿ ಟೀಚರ ಸರದಿ.

"ನಿಮ್ಮ ಮನ್ಯಾಗಿನ ಎತ್ತು ಹಿಂಗ ದಿನಾ ಕೂತಿದ್ರ ಸಂತಿಗೆ ಹೊಡ್ಕೊಂಡು ಹೋಗಿ ಮಾರಿ ಬರ್ತಿದ್ರಿ," ಎಂದರು. "ಮಕ್ಕಳನ್ನ ಮಾರಾಕ ಬರಂಗಿಲ್ಲ. ಅದಕ್ಕ ಇಟ್ಕೊಂಡೀರಿ."

ಹಿಂದೆ ಕೂತಿದ್ದ ಬಾಲಮ್ಮ ಕೆರಳಿದಳು. ಆಕೆ ಕುರುಬರ ಮನೆಯವಳು. ಗಂಡ ಕುರಿ ಹೊಡೆದುಕೊಂಡು ಮಕ್ತಲ್ ಕಡೆ ಹೋದರೆ ವಾರಗಟ್ಟಲೆ ಬರುವುದಿಲ್ಲ. "ಟೀಚರಮ್ಮ, ನಾವು ಬೀರಪ್ಪನ ಒಕ್ಕಲು. ಕುರಿ ಹಿಂದ ಓಡೋ ಮಂದಿ."

"ಓಡ್ತಿದ್ದಾಕಿ ನಿಮ್ಮತ್ತಿ. ನೀ ಓಡಿದ್ದು ಯಾವಾಗ ಹೇಳು? ನಿನ್ನ ಕುರಿ ಎಲ್ಲಾ ಫೋನಿನಾಗ ಮೇಯಾಕ ಹತ್ಯಾವ."

ನರಸಿಂಹುಲು ಮೆಲ್ಲಗೆ ಗೋಗರೆದರು: "ಮೇಡಂ, ಕೊಂಚೆಂ ಸಮಾಧಾನ್‌ಲೆ ಮಾತಾಡ್ರಿ. ಪ್ರೋತ್ಸಾಹ ಅಂತ ಬರದಾರ."

"ಪ್ರೋತ್ಸಾಹ ನೀವು ಮಾಡಿದ್ರಲ್ಲ ಸರ. ಯಾರರ ಎದ್ದು ನಿಂತ್ರೇನು?"

ಸೀರೆ ಅಂಗಡಿಯ ದೇವೇಂದ್ರಪ್ಪನ ಹೆಂಡತಿ ಶಿವಗಂಗಾಳಿಗೂ ಅಂದೇ ಸಿಟ್ಟು ಬಂದಿತ್ತು, ಆದರೆ ನುಂಗಿಕೊಂಡಳು. ಅವರ ಮನೆ ಶಾಲೆಯಿರುವ ಗಲ್ಲಿಯ ಇನ್ನೊಂದು ತುದಿಗಿದೆ. ಅಷ್ಟು ದೂರಕ್ಕೆ ದೇವೇಂದ್ರಪ್ಪ ಮಗಳು ಸ್ರವಂತಿಯನ್ನು ಸ್ಕೂಟಿಯ ಮೇಲೆ ತಂದು, ತರಗತಿಯ ಮೆಟ್ಟಿಲಿಗೆ ಗಾಲಿ ತಾಗಿಸಿ ಇಳಿಸುತ್ತಿದ್ದ. ಮರುದಿನ ಟೀಚರು ಗೇಟಿಗೆ ಅಡ್ಡ ನಿಂತರು.

"ಬಿಡ್ರಿ ಮೇಡಂ, ಮಗಳು ಸುಸ್ತಾಗ್ತಾಳ."

"ಸುಸ್ತಾಗಾಕ ಏನರ ಮಾಡ್ಯಾಳೇನ್ರಿ ಸಾವ್ಕಾರ್ರ? ಉಣ್ಣೂದೂ ನೀವ ಬಾಯಾಗಿಡ್ತೀರಿ. ನಾಳೆ ಆಕಿ ಪಾಲಿಂದು ಉಸರೂ ನೀವ ಆಡ್ತೀರೇನು?"

ಗಲ್ಲಿಯ ಜನ ನಕ್ಕರು. ದೇವೇಂದ್ರಪ್ಪ ಗಾಡಿ ತಿರುಗಿಸಿಕೊಂಡು ಮನೆಗೆ ಹೋಗಿ ಹೆಂಡತಿಯ ಮುಂದೆ ಹಾರಾಡಿದ. ಅಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಶಿವಗಂಗಾ ಬಾಲಮ್ಮನನ್ನೂ ಗಲ್ಲಿಯ ಒಂದಷ್ಟು ಹೆಂಗಸರನ್ನೂ ಕಟ್ಟಿಕೊಂಡು ಬಂದಳು. ಜಗಳಕ್ಕೇ ಬಂದವಳು.

"ಊರ ಮಂದೀಗೆ ಅನ್ನಾಕ ಬಾಯಿ ಐತಿ ನಿಮಗ. ನೀವು ಓಡಿ ತೋರಿಸ್ರಿ, ನೋಡೂಣು."

ಟೀಚರು ಚಪ್ಪಲಿ ಬಿಟ್ಟರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಸಾಲಾಗಿ ಕೂಡ್ರಿ. ಖೊಖೊ. ನಾ ಒಬ್ಬಾಕಿ ಓಡ್ತೀನಿ, ನೀವೆಲ್ಲಾ ಹಿಡೀರಿ. ಕೂಡೂದ್ರಾಗಂತೂ ನೀವು ಹುಷಾರದೀರಿ."

ಹಿಡಿಯಲು ಆಗಲಿಲ್ಲ. ಟೀಚರು ಸಾಲಿನ ನಡುವೆ ಹಾವಿನಂತೆ ನುಸುಳಿದರು. ಬೆನ್ನಟ್ಟಿದವರು ಒಬ್ಬರ ಮೇಲೊಬ್ಬರು ಮುಗ್ಗರಿಸಿದರು. ಶಿವಗಂಗಾ ಹತ್ತು ಹೆಜ್ಜೆ ಓಡಿ ಸೊಂಟ ಹಿಡಿದುಕೊಂಡು ನಿಂತುಬಿಟ್ಟಳು. ಮಕ್ಕಳಿಗಂತೂ ಹಬ್ಬ. ತಾಯಿ ಏದುಸಿರು ಬಿಡುವುದನ್ನು ನೋಡಿ ಸ್ರವಂತಿ ಬಿದ್ದು ಬಿದ್ದು ನಕ್ಕಳು. ಟೀಚರು ಚಪ್ಪಲಿ ಹಾಕಿಕೊಳ್ಳುತ್ತ, "ಮನೀಗೆ ಹೋಗಿ ಮಲ್ಕೊರ್ರಿ. ಭಾಳ ದಣದೀರಿ," ಎಂದರು.

ಆ ಒಂದು ಮಾತು ಹೆಂಗಸರನ್ನು ನಿದ್ದೆ ಮಾಡಲು ಬಿಡಲಿಲ್ಲವೇನೋ. ಮರುದಿನ ಸಂಜೆ ಅವರೆಲ್ಲ ಮತ್ತೆ ಬಂದರು. ಅದರ ಮರುದಿನವೂ ಬಂದರು. ಆರೋಗ್ಯಕ್ಕಲ್ಲ, ಆದೇಶಕ್ಕಲ್ಲ, ಆ ಬಾಯಿಯನ್ನು ಒಂದು ಸಲವಾದರೂ ಹಿಡಿದು ಮುಚ್ಚಿಸಬೇಕೆಂಬ ಹಟಕ್ಕೆ. ಶಿವಗಂಗಾ ಬೆಳಿಗ್ಗೆ ಅಂಗಳದಲ್ಲೇ ಓಡಿ ರೂಢಿ ಮಾಡಿಕೊಂಡಳು. ಬಾಲಮ್ಮ ತನ್ನ ಮಗಳನ್ನೂ ಸ್ರವಂತಿಯನ್ನೂ ಎದುರಿಗೆ ನಿಲ್ಲಿಸಿ ಹಠಾತ್ತನೆ ತಿರುಗುವುದನ್ನು ಕಲಿತಳು. ಹೀಗೆ ಮಕ್ಕಳೂ ಆಟಕ್ಕಿಳಿದರು. ಸ್ರವಂತಿಗೆ ಸ್ಕೂಟಿ ಬೇಸರವಾಯಿತು. ಆಕೆ ಓಡಿಯೇ ಶಾಲೆಗೆ ಬರತೊಡಗಿದಳು. ದೇವೇಂದ್ರಪ್ಪ ಮಾತ್ರ ಗಾಡಿಯ ಮೇಲೆ ಕೂತು, ಮಗಳು ಬೀಳುತ್ತಾಳೆಂದು ಕೂಗುತ್ತ ಹಿಂದೆ ಬರುತ್ತಿದ್ದ. ಟೀಚರು ಅವನ ಕಡೆ ನೋಡುವುದನ್ನೂ ಬಿಟ್ಟರು.

ಕೊನೆಗೆ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಶಿವಗಂಗಾ ಟೀಚರನ್ನು ಮುಟ್ಟಿದಳು. ಮುಟ್ಟಿದ್ದೇನು, ತಿಂಗಳುಗಟ್ಟಲೆಯ ಸಿಟ್ಟನ್ನೆಲ್ಲ ಅಂಗೈಗೆ ತಂದು ಬೆನ್ನಿಗೆ ಹೊಡೆದಳು. ಟೀಚರು ಮುಂಗೈ ಊರಿ ಬಿದ್ದರು. ಮಣ್ಣಿನಲ್ಲಿ ಕೂತು, ಬಾತ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಸುತ್ತ ಗಾಬರಿಯಿಂದ ನಿಂತವರನ್ನು ನೋಡಿದರು.

"ಇಷ್ಟು ಮಂದಿ ಸೇರಿ, ಒಂದು ಮುದುಕಿ ಹಿಡ್ಯಾಕ ಇಷ್ಟು ದಿನ ಬೇಕಾತು. ನಾಚಿಕಿ ಆಗಬೇಕು ನಿಮಗ."

ಕೈಗೆ ಪ್ಲಾಸ್ಟರ್ ಬಿತ್ತು. ಟೀಚರು ರಜೆಯಲ್ಲಿದ್ದಾಗಲೇ ಸಾಹೇಬರೊಬ್ಬರು ತಪಾಸಣೆಗೆ ಬಂದು, ಸೀರೆ ಕಚ್ಚೆ ಹಾಕಿ ಓಡುವ ಹೆಂಗಸರನ್ನೂ ಮಕ್ಕಳನ್ನೂ ಕಂಡು ಬೆರಗಾದರು. ಇದನ್ನು ಹೇಗೆ ಸಾಧಿಸಿದಿರಿ ಎಂದು ಕೇಳಿದರು. ನರಸಿಂಹುಲು ಸುಳ್ಳು ಹೇಳುವವರಲ್ಲ, ಆದರೆ ನಿಜ ಹೇಳಲು ನಾಲಿಗೆ ಏಳಲಿಲ್ಲ. ಬ್ಯಾನರ್ ತೋರಿಸಿದರು. ಸಾಹೇಬರು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು, ಕಾರು ಹತ್ತಿ ಹೋದರು.

ಹೆಂಗಸರು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಕಟ್ಟಿಕೊಂಡು ಟೀಚರನ್ನು ನೋಡಲು ಮನೆಗೆ ಹೋದರು. ಆಗ ಮೊದಲ ಸಲ ಅವರ ಗಂಡ ಕೊಟ್ರೇಶನನ್ನು ಹತ್ತಿರದಿಂದ ಕಂಡರು. ನೌಕರಿಯಿಂದ ನಿವೃತ್ತನಾದ ಮನುಷ್ಯ, ದಿವಾನದ ಮೇಲೆ ಜೋಳದ ಚೀಲದಂತೆ ಕುಳಿತಿದ್ದ. ಹೆಂಡತಿ ಎಷ್ಟು ಬೈದರೂ "ಖರೆ ಅಂತಿ" ಎಂದು ಒಪ್ಪಿಕೊಂಡು, ಕೂತಲ್ಲಿಂದ ಕದಲದೆ ಮೂವತ್ತು ವರ್ಷ ಸಂಸಾರ ಮಾಡಿದವನು. ಬಂದವರು ರೊಟ್ಟಿ ಬಿಚ್ಚುವ ಮೊದಲೇ ಅವನು ಕೈ ಚಾಚಿದ.

ಶಿವಗಂಗಾ ಅವನನ್ನು ನೋಡಿದಳು, ಟೀಚರನ್ನು ನೋಡಿದಳು. "ಇವರನ್ನ ಯಾವ ಸಂತಿಗೆ ಹೊಡೀಬೇಕಂತ ಮಾಡೀರಿ ಟೀಚರ್ರ?"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಟೀಚರ ಮುಖ ಕೆಂಪಾಯಿತು. ಅದನ್ನು ನಾರಾಯಣಪೇಟೆ ಕಂಡದ್ದು ಅದೇ ಮೊದಲು. ಆದರೆ ಆ ನಗು ನಾಟಿದ್ದು ಅವರಿಗಿಂತ ಹೆಚ್ಚಾಗಿ ಕೊಟ್ರೇಶನಿಗೆ. ಹೆಂಡತಿಯ ಬೈಗುಳ ಅವನಿಗೆ ಮನೆಯ ಫ್ಯಾನಿನ ಸದ್ದಿದ್ದಂತೆ. ಪರರ ಮನೆಯ ಹೆಂಗಸಿನ ನಗು ಬೇರೆ. ಅವನು ರೊಟ್ಟಿ ಕೆಳಗಿಟ್ಟ.

ಟೀಚರು ರಜೆ ಮುಗಿಸಿ ಹೊರಟ ದಿನ, ಕೈ ಇನ್ನೂ ನೆಟ್ಟಗಾಗದ ಹೆಂಡತಿಯ ಚೀಲ ತಾನೇ ಹೊರುತ್ತೇನೆಂದು ಕೊಟ್ರೇಶ ಎದ್ದ. ದಾರಿಯ ಪ್ರತಿ ಕಟ್ಟೆಯ ಮೇಲೂ ಕೂತು, ಬೆವರೊರೆಸಿಕೊಂಡು, ಅಂತೂ ಶಾಲೆ ಮುಟ್ಟಿದ. ಟೀಚರು ಹಿಂತಿರುಗಿ ನೋಡದೆ ಮುಂದೆ ನಡೆದಿದ್ದರು. ಸಂಜೆ ಆಟದ ಹೊತ್ತಿಗೆ ನೋಡಿದರೆ ಖೊಖೊ ಅಂಕಣದ ಒಂದು ತುದಿಯ ಕಂಬ ಗೆದ್ದಲು ಹಿಡಿದು ಬಿದ್ದಿತ್ತು. ಸ್ರವಂತಿ ಕೊಟ್ರೇಶನ ಕೈ ಹಿಡಿದೆಳೆದಳು: "ತಾತ, ನೀವು ಇಲ್ಲಿ ನಿಂದರ್ರಿ. ನೀವ ಕಂಬ."

ಆಟ ಮುಗಿಯುವವರೆಗೂ ಅವನು ನಿಂತ. ಮಕ್ಕಳು ಅವನ ಹೊಟ್ಟೆ ಮುಟ್ಟಿ ಮುಟ್ಟಿ ತಿರುಗಿದರು. ತಾನು ನಿಂತದ್ದು ಹೇಗಿತ್ತೆಂದು ಹೆಂಡತಿಯನ್ನು ಕೇಳಿದ.

"ಗೆದ್ದಲು ಹಿಡಿದಿದ್ದಿಲ್ಲ, ಅಷ್ಟ," ಎಂದರು ಟೀಚರು.

ಮರುದಿನ ಮೊಣಕಾಲು ನೋವೆಂದು ಅವನು ಬರಲಿಲ್ಲ. ಅದರ ಮರುದಿನ ಬಂದ.