ಪೂರಾ ನುಂಗ್ರಿ

ಬಸವಾಪಟ್ಟಣದಲ್ಲಿ ಔಷಧಿ ಅಂಗಡಿ ಇಟ್ಟಿರುವ ಹಾಲೇಶಪ್ಪನಿಗೆ ಅರ್ಧಕ್ಕೆ ಮಾತ್ರೆ ನಿಲ್ಲಿಸುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. "ಜ್ವರ ಬಿಟ್ಟೈತೆ ಅಂತ ಗುಳಿಗೆ ಬಿಡಬ್ಯಾಡ್ರಿ, ಪೂರಾ ನುಂಗ್ರಿ!" ಎಂದು ಹೊರಟ ಬಸ್ಸಿನ ಕಿಟಕಿಗೂ ಕೂಗುತ್ತಾನೆ; ಮದುವೆಮನೆಯ ಪಂಕ್ತಿಯಲ್ಲಿ ಬೀಗರನ್ನೂ ಬಿಡುವುದಿಲ್ಲ. ಊರವರು ನಗುತ್ತಾರೆ, ನಗುತ್ತಲೇ ನುಂಗುತ್ತಾರೆ. ಹೋದ ವರ್ಷ ಮಗಳು ಚಂದನಾಗೆ ನ್ಯುಮೋನಿಯಾ ಬಂದಾಗ ಡಾಕ್ಟರು ಬರೆದ ಔಷಧಿಯನ್ನು ಒಂದು ಹೊತ್ತೂ ತಪ್ಪಿಸದೆ ತಾನೇ ಕುಡಿಸಿದ. ಹುಡುಗಿ ಚೇತರಿಸಿಕೊಂಡು ಆಟಕ್ಕಿಳಿದಳು. ಔಷಧಿ ಮುಗಿದ ಮೇಲೆ ಮತ್ತೆ ಜ್ವರವೇರಿತು, ಸೋಂಕು ಮಿದುಳಿನ ಪೊರೆಗೆ ಹಬ್ಬಿತು, ಮಗು ಉಳಿಯಲಿಲ್ಲ. "ನಿಮ್ಮ ತಪ್ಪಲ್ರೀ. ಕೆಲವು ಕ್ರಿಮಿಗಳು ಔಷಧಿ ಇರೋತನಕ ಸಾಯದೆ ಸುಮ್ನೆ ಬಿದ್ದಿರ್ತಾವೆ, ಆಮೇಲೆ ಏಳ್ತಾವೆ" ಎಂದರು ಡಾಕ್ಟರು. ಹಾಲೇಶಪ್ಪ ಈಗಲೂ ಹಾಗೇ ಕೂಗುತ್ತಾನೆ. ಆದರೆ ಕಂಕುಳಲ್ಲಿ ಕೂಸಿಟ್ಟುಕೊಂಡ ತಾಯಿ "ಪೂರಾ ಕುಡಿಸಿದ್ರೆ ವಾಸಿ ಆಗ್ತೈತಲ್ರೀ, ಅಣ್ಣಾರೆ?" ಎಂದು ಕೇಳಿದರೆ, "ನೀನು ಕುಡಿಸವ್ವ" ಎನ್ನುತ್ತಾನೆ; ಆಗ್ತೈತೆ ಎಂಬ ಮಾತು ಮಾತ್ರ ಅವನ ಬಾಯಿಂದ ಬರುವುದಿಲ್ಲ.