ದ್ಯಾವಮ್ಮ ತಂದ ಕೊನೆಯ ಹೊರೆ

ಪಕ್ಕದ ಸೈಟಿನಲ್ಲಿ ಯಾರೋ ಕಾಡುಕಟ್ಟಿಗೆ ಉರಿಸಿ ನೀರು ಕಾಯಿಸುತ್ತಿದ್ದಾರೆ. ಆ ಹೊಗೆಗೆ ಸೊರಬ ಸೀಮೆಯ ನಮ್ಮ ಬಚ್ಚಲುಮನೆ ನೆನಪಾಯಿತು. ಅಲ್ಲಿನ ಹಂಡೆಯ ಒಲೆಗೆ ಕಾಡಿನಿಂದ ಕಟ್ಟಿಗೆ ಹೊತ್ತು ತರುತ್ತಿದ್ದವಳು ದ್ಯಾವಮ್ಮ.

ಕ್ಯಾಸನೂರು ಕಡೆ ಮಂಗಗಳು ಸಾಯುತ್ತಿದ್ದ ಬೇಸಿಗೆ ಅದು. ಕಾಡಿಗೆ ಹೋದವರಿಗೆ ಜ್ವರ ಬರುತ್ತದೆಂದು ಅಮ್ಮ ನಮ್ಮನ್ನು ಊರಾಚೆ ಬಿಡುತ್ತಿರಲಿಲ್ಲ. ದ್ಯಾವಮ್ಮನ ಹೊರೆಯನ್ನೂ ಬೇಲಿಯಾಚೆ ಇಳಿಸಿ, ಎರಡು ದಿನ ಬಿಸಿಲಿಗೆ ಹಾಕಿಸಿದ ಮೇಲೆಯೇ ಒಳಗೆ ತರಿಸುತ್ತಿದ್ದಳು.

ಒಂದು ದಿನ ನೀರು ಸರಿಯಾಗಿ ಕಾದಿಲ್ಲವೆಂದು ನಾನು ರಂಪ ಮಾಡಿದೆ. ಅಮ್ಮ ಬೇಲಿಯ ಬಳಿ ನಿಂತು, "ದ್ಯಾವಮ್ಮ, ನಾಳೆ ಇನ್ನೊಂದು ಹೊರೆ ತಂದ್ಹಾಕೇ" ಎಂದಳು.

"ಕಾಡ್ನಾಗೆ ಮಂಗ ಸತ್ತು ಬಿದ್ದಾವ್ರವ್ವ..." ಎಂದ ದ್ಯಾವಮ್ಮ ನನ್ನನ್ನು ನೋಡಿದಳು. "ಆಗ್ಲಿ ಬಿಡ್ರಿ, ತರ್ತೀನಿ. ಕೂಸು ತಣ್ಣೀರು ಮೀಯದು ಬ್ಯಾಡ."

ಹೊರೆ ಬಂತು. ಆಮೇಲೆ ಅವಳಿಗೆ ಜ್ವರ ಬಂತು, ಹೋಗಿಯೇಬಿಟ್ಟಳು. ಸುದ್ದಿ ಕೇಳಿ ಅಮ್ಮ ಬಚ್ಚಲೊಲೆಯ ಮುಂದೆ ಕೂತು ಅತ್ತಳು. ಅಳುತ್ತಲೇ ಇನ್ನೊಂದು ಕಟ್ಟಿಗೆಯನ್ನು ಒಲೆಗೆ ನೂಕಿದಳು. ದ್ಯಾವಮ್ಮನ ಕಟ್ಟಿಗೆ ಮುಗಿಯುವವರೆಗೂ ನಾನು ದಿನವೂ ಮಿಂದೆ. ನೀರು ಚೆನ್ನಾಗಿ ಕಾದಿರುತ್ತಿತ್ತು.

ಈಗ ಮನೆಯಲ್ಲಿ ಗೀಸರ್ ಇದೆ. ಮೊದಲ ಚೊಂಬು ಬಿಸಿನೀರು ಬೆನ್ನಿಗೆ ಬಿದ್ದಾಗ ಹಿತವಾಗುತ್ತದೆ. ಹಿತವಾಗುತ್ತದಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ.