ಕಾಗದದಲ್ಲಿಲ್ಲದ ರೊಟ್ಟಿ

ಸಿಂಧನೂರಿನಲ್ಲಿ ನನಗೆ ಬಾಡಿಗೆ ಮನೆ ಸಿಕ್ಕಿದ್ದು ಒಂದು ಕರಾರಿನ ಮೇಲೆ: ಬೆಳಿಗ್ಗೆ ರೊಟ್ಟಿ ಬಡಿಯಬಾರದು. ಮೇಲಿನ ಮಹಡಿಯಲ್ಲಿ ಯಜಮಾನರು ಮಲಗಿರುತ್ತಾರೆ, ಸಪ್ಪಳ ಆಗಿಬರುವುದಿಲ್ಲ ಎಂದು ಮನೆಯೊಡತಿ ತೆಲುಗು ಬೆರೆತ ಕನ್ನಡದಲ್ಲಿ ನಗುತ್ತಲೇ ಹೇಳಿದರು. ನಮ್ಮ ಲಿಂಗಸುಗೂರಿನ ಕಡೆ ಒಂದು ಮನೆಯಲ್ಲಿ ರೊಟ್ಟಿಯ ಸಪ್ಪಳ ಕೇಳದಿದ್ದರೆ ಯಾರಿಗೆ ಹುಷಾರಿಲ್ಲ ಎಂದು ನೆರೆಯವರು ಬಂದು ವಿಚಾರಿಸುತ್ತಾರೆ. ನಡುವೆ ಇರುವುದು ಮಸ್ಕಿ ಒಂದೇ. ಬಸ್ಸಿನಲ್ಲಿ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಪರದೇಶ ಬಂದಿತ್ತು.

ಅಲ್ಲಿ ಎರೆಹೊಲ, ಜೋಳ, ಮಳೆಯ ದಾರಿ ನೋಡುವ ಜನ. ಇಲ್ಲಿ ಕಾಲುವೆ, ಭತ್ತ, ಮೈಗೆಲ್ಲ ತೌಡಿನ ಧೂಳು. ಕಾಲುವೆಯ ನೀರು ಹಿಡಿದು ಆಂಧ್ರದಿಂದ ಬಂದವರು ಕಟ್ಟಿಕೊಂಡ ಊರುಗಳಿಗೆ ಇಲ್ಲಿ ಕ್ಯಾಂಪು ಎನ್ನುತ್ತಾರೆ. ಅವರೆಲ್ಲ ಈಗ ಊರವರೇ. ಇದೇ ಜಿಲ್ಲೆಯಲ್ಲಿ ಹುಟ್ಟಿದ ನಾನು ಹೊರಗಿನವಳು. ಅನ್ನದಿಂದ ಹೊಟ್ಟೆ ತುಂಬುತ್ತಿತ್ತು, ಉಂಡಂತೆ ಆಗುತ್ತಿರಲಿಲ್ಲ. ಅಣ್ಣನ ಸಂಸಾರದ ಜೊತೆ ಊರಲ್ಲಿರುವ ಅವ್ವ, ಒಣಗಿಸಿದ ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಕಂಡಕ್ಟರರ ಕೈಯಲ್ಲಿ ಕಳಿಸುತ್ತಿದ್ದಳು. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಇಸಿದುಕೊಳ್ಳುತ್ತಿದ್ದೆ.

ಬಂದದ್ದು ಖಾಸಗಿ ಆಸ್ಪತ್ರೆಯೊಂದರ ನರ್ಸ್ ಕೆಲಸಕ್ಕೆ. ಎಷ್ಟು ದುಡಿದರೂ ಚಪ್ಪಾಳೆ ತಟ್ಟಿ ಕರೆಯುವುದು ತಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ನರ್ಸುಗಳನ್ನು ಹೆಸರು ಹಿಡಿದು ಕರೆಯುತ್ತಾರೆಂದು ಕೇಳಿ, ಅಲ್ಲಿಗೆ ಹೋಗಲು ಬೇಕಾದ ಇಂಗ್ಲಿಷ್ ಪರೀಕ್ಷೆಯ ಕೋಚಿಂಗಿಗೆ ಸೇರಿದೆ. ಮಾತು, ಬರವಣಿಗೆ ಹೇಗೋ ದಾಟಿದವು. ಕಾಲು ಹಿಡಿದು ಎಳೆದದ್ದು ಓದಿನ ಭಾಗ.

ಒಂದು ದಿನ ಅಭ್ಯಾಸಕ್ಕೆ ಜೋಳದ ಮೇಲೆ ಪಾಠ ಬಂತು. ನನಗೋ ತವರಿನವರು ಸಿಕ್ಕಷ್ಟು ಖುಷಿ. ಕೆಳಗೆ ಒಂದು ವಾಕ್ಯ: ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಇದು ಸರಿಯೋ, ತಪ್ಪೋ, ಪಾಠದಲ್ಲಿ ಹೇಳಿಲ್ಲವೋ ಗುರುತು ಹಾಕಬೇಕು. ಪಾಠವನ್ನು ತಿರುಗಿಯೂ ನೋಡದೆ ಸರಿ ಎಂದು ಹಾಕಿದೆ. ಉತ್ತರ 'ಹೇಳಿಲ್ಲ' ಎಂದಿತ್ತು. ಅಂಥ ರೊಟ್ಟಿ ಈಗಲೂ ನನ್ನ ರೂಮಿನಲ್ಲಿದೆ ಎಂದು ವಾದಿಸಿದೆ. ಕ್ಲಾಸು ನಕ್ಕಿತು.

"ಅಕ್ಕಾರ, ನಿಮ್ಮ ರೂಮಿನ್ಯಾಗ ಏನೈತಿ ಅಂತ ಅವರು ಕೇಳಿಲ್ರಿ," ಎಂದರು ಸರ್. "ಕಾಗದದಾಗ ಏನೈತಿ ಅಷ್ಟ ನೋಡ್ರಿ."

ಅವರು ಹೇಳಿದ್ದು ಖರೇ, ಅದಕ್ಕೇ ಇನ್ನಷ್ಟು ಉರಿಯಿತು. ಪರೀಕ್ಷೆಯಲ್ಲಿ ಜ್ವರದ ಮೇಲೆ ಪಾಠ ಬಂದಾಗ ಕೈ ಮತ್ತೆ ತಾನೇ ಓಡಿತು. ಜ್ವರದವರ ಮೈ ಒರೆಸುವುದೇ ಕಸುಬಾಗಿದ್ದವಳು ಓದಿನಲ್ಲಿ ಫೇಲಾದೆ. ಫೋನಿನಲ್ಲಿ ಅವ್ವನೆದುರು ಗೋಳೋ ಎಂದು ಅತ್ತೆ. ಅವಳು, ಆದದ್ದೆಲ್ಲ ಒಳ್ಳೇದಕ್ಕ, ಉಂಡು ಮಲಗು ಅಂದಳು.

ಆಮೇಲೆ ಹಟ ಹಿಡಿದೆ. ಊರು, ಹೊಲ, ವಾರ್ಡು ಎಲ್ಲವನ್ನೂ ಚಪ್ಪಲಿಯ ಹಾಗೆ ಹೊರಗೆ ಬಿಟ್ಟು, ಏನೂ ಗೊತ್ತಿಲ್ಲದವಳಂತೆ ಓದುವುದನ್ನು ಕಲಿತೆ. ನನಗೆ ಗೊತ್ತಿದ್ದದ್ದಕ್ಕೆ ಸಿಗದ ಅಂಕ, ಗೊತ್ತಿಲ್ಲದವಳಾದದ್ದಕ್ಕೆ ಸಿಕ್ಕಿತು. ಪಾಸಾದೆ.

ಸುದ್ದಿ ಹೇಳಲು ಲಿಂಗಸುಗೂರಿಗೆ ಹೋದೆ. ಅತ್ತಿಗೆ ಕುರ್ಚಿ ಹಾಕಿದಳು. ನಾನು ಎಂದೂ ಕುರ್ಚಿಯಲ್ಲಿ ಕೂಡದ ಮನೆ ಅದು.

"ಹೋದಸಲ ನೀ ಫೇಲಾದಾಗ ಹನುಮಪ್ಪಗ ಹರಕಿ ಕಾಯಿ ಒಡಸಿದ್ದೆ," ಅಂದಳು ಅವ್ವ. "ಈ ಸಲನೂ ಬೇಡಿಕೊಂಡಿದ್ದೆ. ಅವ ಕೇಳಲಿಲ್ಲ."

ಸಿಟ್ಟು ಬಂತು. ಹೋಗಬೇಕಾದ ದೇಶವನ್ನು ಇನ್ನೂ ಕಂಡಿಲ್ಲ, ಸಿಂಧನೂರು ಬಾಡಿಗೆಯದು, ಇಲ್ಲಿ ನಾನಾಗಲೇ ನೆಂಟಳು. ಫೇಲಾದ ವಾರ ಬಂದ ಗಂಟಿನಲ್ಲಿ ರೊಟ್ಟಿಯ ಜೊತೆ ಒಂದು ಕಾಯಿ ಹೋಳೂ ಇತ್ತು. ನನ್ನ ಸಮಾಧಾನಕ್ಕೆ ಕಳಿಸಿದ್ದಾಳೆಂದು ಅದನ್ನು ಕಣ್ಣಿಗೊತ್ತಿಕೊಂಡು, ಅಳುತ್ತಲೇ ತಿಂದಿದ್ದೆ.